ಬೂಸಾ: ಒಂದು ಪದದ ಬೆನ್ನು ಹತ್ತಿ

1/9

ನಮ್ಮ ಮನೇಲಿ ಬೂಸಾ ಅಂದ್ರೆ ಬೈಗುಳ ಅಲ್ಲ, ಖರ್ಚು. ಎರಡು ಹಸು ಇವೆ, ಡೇರಿಗೆ ಹಾಲು ಹಾಕ್ತೀವಿ, ತಿಂಗಳಿಗೆ ಎಷ್ಟು ಮೂಟೆ ಬೂಸಾ ಬಂತು, ಎಷ್ಟು ಹಿಂಡಿ ಬಂತು ಅಂತ ಅಪ್ಪ ಹಳೇ ಡೈರೀಲಿ ಬರೆದಿಡ್ತಾರೆ. ಅದಕ್ಕೇ ಪಿಯುಸಿಯಲ್ಲಿ ಕನ್ನಡ ಮೇಷ್ಟ್ರು ಮೊದಲ ಸಲ "ಬೂಸಾ ಚಳವಳಿ" ಅಂದಾಗ, ಮೇವಿನ ರೇಟು ಇಳಿಸಿ ಅಂತ ರೈತರು ಮಾಡಿದ ಹೋರಾಟ ಇರಬೇಕು ಅಂದ್ಕೊಂಡು ಎದ್ದು ನಿಂತು ಹಾಗೇ ಉತ್ತರ ಹೇಳಿದ್ದೆ. ಇಡೀ ಕ್ಲಾಸು ನಕ್ಕಿತ್ತು. ಮೇಷ್ಟ್ರು ನಗಲಿಲ್ಲ. "ಪೂರ್ತಿ ತಪ್ಪಲ್ಲಮ್ಮ" ಅಂದ್ರು. ಯಾಕೆ ಹಾಗಂದ್ರು ಅಂತ ಅರ್ಥ ಆಗೋಕೆ ನನಗೆ ಮೂರು ವರ್ಷ ಬೇಕಾಯ್ತು.

ಕಳೆದ ಸರಣಿಯಲ್ಲಿ ಉಪ್ಪಿನ ತೆರಿಗೆ ಬಗ್ಗೆ ಬರೆದಾಗ ಸುಮಾರು ಜನ "ನಮ್ಮ ಕರ್ನಾಟಕದ್ದು ಬರೀರಿ" ಅಂದಿದ್ರಿ. ತಗೊಳ್ಳಿ, ಇದು ನಮ್ಮದೇ. ಒಂದು ಪದ, ಅದರಿಂದ ಎದ್ದ ಗಲಾಟೆ, ಆ ಗಲಾಟೆಯ ಉತ್ತರವಾಗಿ ಹುಟ್ಟಿದ ಪತ್ರಿಕೆ, ಹಾಡು, ಸಂಘಟನೆ. ಕಾಫಿ ಇಟ್ಕೊಂಡು ಓದಿ, ಉದ್ದ ಇದೆ.

2/9

1973, ನವೆಂಬರ್, ಮೈಸೂರು. ಮುಖ್ಯಮಂತ್ರಿ ಡಿ. ದೇವರಾಜ ಅರಸು. ಅವರ ಸಂಪುಟದಲ್ಲಿ ಬಿ. ಬಸವಲಿಂಗಪ್ಪ ಅಂತ ಒಬ್ಬ ಸಚಿವರು. ವಕೀಲಿಕೆ ಓದಿದವರು, ಅಂಬೇಡ್ಕರ್ ವಿಚಾರ ಹೇಳೋರು, ಮಾತು ಸ್ವಲ್ಪ ಖಾರ. ತಲೆ ಮೇಲೆ ಮಲ ಹೊರುವ ಪದ್ಧತಿ ನಿಲ್ಲಬೇಕು ಅಂತ ಹಟ ಹಿಡಿದು ಕರ್ನಾಟಕದಲ್ಲಿ ಅದನ್ನು ನಿಷೇಧ ಮಾಡಿಸಿದವರು ಇವರೇ. ಇದನ್ನ ನೆನಪಿಟ್ಕೊಳ್ಳಿ, ಮುಂದೆ ಬೇಕಾಗತ್ತೆ.

ಒಂದು ಸಭೆಯಲ್ಲಿ ಅವರು ಮಾತಾಡ್ತಾ, ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ, ಜ್ಞಾನ ಬೇಕು ಅಂದ್ರೆ ಇಂಗ್ಲಿಷ್ ಕಲೀಬೇಕು ಅನ್ನೋ ಅರ್ಥದ ಮಾತು ಹೇಳಿದ್ರು. ಆ ಮಾತಿನೊಳಗೆ ಮೂರು ಸಂಗತಿ ಇದ್ವು. ಒಂದು, "ಬಹುಪಾಲು" ಅನ್ನೋ ಅಳತೆ. ಎರಡು, ಇಂಗ್ಲಿಷ್ ಬಗ್ಗೆ ಒಂದು ಸಲಹೆ. ಮೂರು, ಬೂಸಾ. ಸಭೆಯಿಂದ ಆಚೆ ಬಂದಿದ್ದು ಮೂರನೇದು ಮಾತ್ರ.

ರೀಲ್ಸ್ ಕಾಲದವರಿಗೆ ಇದನ್ನ ಜಾಸ್ತಿ ವಿವರಿಸಬೇಕಿಲ್ಲ. ಮುಕ್ಕಾಲು ಗಂಟೆ ಮಾತಲ್ಲಿ ಹತ್ತು ಸೆಕೆಂಡ್ ಕತ್ತರಿಸಿದ್ರೆ ಏನಾಗತ್ತೆ ಅಂತ ನಮಗೆ ಗೊತ್ತು. ಆಗ ಫೋನ್ ಇರ್ಲಿಲ್ಲ ಅಷ್ಟೇ, ಕತ್ತರಿ ಇತ್ತು.

ರಾಜ್ಯದ ಊರೂರಲ್ಲಿ ಮೆರವಣಿಗೆ ಎದ್ದಿತು. ಕಾಲೇಜುಗಳು ಬಂದ್ ಆದವು. "ಕನ್ನಡಕ್ಕೆ ಅವಮಾನ" ಅನ್ನೋದು ಕೂಗು. ಆದ್ರೆ ಕೂಗು ಸಚಿವರ ಹತ್ತಿರವೇ ನಿಲ್ಲಲಿಲ್ಲ. ದಲಿತ ವಿದ್ಯಾರ್ಥಿಗಳ ಮೇಲೆ, ಅವರ ಹಾಸ್ಟೆಲ್‌ಗಳ ಮೇಲೆ ಹಲ್ಲೆಗಳಾದವು. ಸಾಹಿತ್ಯದ ಬಗ್ಗೆ ಒಬ್ಬರು ಆಡಿದ ಮಾತಿಗೆ, ಹಾಸ್ಟೆಲ್ಲಿನಲ್ಲಿ ಅನ್ನ ಉಣ್ತಾ ಕೂತಿದ್ದ ಹುಡುಗ ಯಾಕೆ ಏಟು ತಿನ್ನಬೇಕು? ಈ ಪ್ರಶ್ನೆಯಲ್ಲೇ ಇಡೀ ಕಥೆ ಇದೆ. ಬಸವಲಿಂಗಪ್ಪ ಕೊನೆಗೆ ಮಂತ್ರಿಗಿರಿಗೆ ರಾಜೀನಾಮೆ ಕೊಡಬೇಕಾಯ್ತು.

3/9

ಕೋಪ ಬರೀ ಸಾಹಿತ್ಯಕ್ಕಾಗಿತ್ತಾ? ನನಗೆ ಹಾಗೆ ಅನ್ಸಲ್ಲ. ಆ ವರ್ಷಗಳನ್ನ ಸ್ವಲ್ಪ ನೋಡಿ. 1972ರಲ್ಲಿ ಹಿಂದುಳಿದ ವರ್ಗಗಳಿಗಾಗಿ ಹಾವನೂರು ಆಯೋಗ ನೇಮಕ ಆಗಿತ್ತು. ಉಳುವವನೇ ಹೊಲದೊಡೆಯ ಅನ್ನೋ ಭೂಸುಧಾರಣೆ ತಿದ್ದುಪಡಿ 1974ರ ಮಾರ್ಚ್‌ನಲ್ಲಿ ಜಾರಿಗೆ ಬಂತು. ಅಂದ್ರೆ ಬೂಸಾ ಗಲಾಟೆ ನಡೆದಾಗ ಹಳ್ಳಿ ಹಳ್ಳಿಯಲ್ಲೂ ಜಮೀನು ಯಾರ ಕೈಗೆ ಹೋಗತ್ತೆ, ಕೆಲಸ ಯಾರ ಮಗನಿಗೆ ಸಿಗತ್ತೆ ಅನ್ನೋ ಭಯ ಇತ್ತು. ಭಯವನ್ನ ಭಯ ಅಂತ ಹೇಳ್ಕೊಂಡು ಬೀದಿಗೆ ಬರೋದು ಕಷ್ಟ. "ಭಾಷೆಗೆ ಅವಮಾನ" ಅಂತ ಬರೋದು ಸುಲಭ. (ಇದು ನನ್ನ ಓದು. ಒಪ್ಪದವರು ಕಾಮೆಂಟಲ್ಲಿ ಜಗಳ ಆಡಬಹುದು, ಆದ್ರೆ ಪೂರ್ತಿ ಓದಿ ಆಡಿ.)

ಈಗ ಮನೆಯ ವಿಷಯ. ನಮ್ಮ ಚಿಕ್ಕ ತಾತ, ಅಂದ್ರೆ ತಾತನ ತಮ್ಮ, ಆಗ ಮೈಸೂರಲ್ಲಿ ಓದ್ತಿದ್ರು. ವಯಸ್ಸು ಸರಿಯಾಗಿ ನನ್ನಷ್ಟೇ, ಇಪ್ಪತ್ತು. ಈ ಸರಣಿಗೆ ಓದ್ತಾ ಕೂತಿದ್ದಾಗ ಸುಮ್ನೆ ಕೇಳಿದೆ, "ತಾತ, ಬೂಸಾ ಗಲಾಟೆ ಗೊತ್ತಾ ನಿಂಗೆ?"

"ಗೊತ್ತಿಲ್ದೆ ಏನು. ಮೆರವಣಿಗೆಗೆ ಹೋಗಿದ್ದೆ ಕಣವ್ವ."

"ಯಾರ ಕಡೆಯಿಂದ?"

ಚಿಕ್ಕ ತಾತ ಸ್ವಲ್ಪ ಹೊತ್ತು ಸುಮ್ಮನಿದ್ರು. "ಕನ್ನಡದ ಕಡೆಯಿಂದ ಅನ್ಕೊಂಡಿದ್ವಿ" ಅಂದ್ರು.

ಆ ಭಾಷಣ ಪೂರ್ತಿ ಓದಿದ್ಯಾ ಅಂತ ಕೇಳಿದೆ. ಇಲ್ಲ. ಹೋಗ್ಲಿ, ಕನ್ನಡ ಸಾಹಿತ್ಯ ಅಷ್ಟೊತ್ತಿಗೆ ಎಷ್ಟು ಓದಿದ್ದೆ? ಪಠ್ಯದಲ್ಲಿದ್ದಷ್ಟು. ರೂಮ್‌ಮೇಟ್ ಬಾ ಅಂದ, ಕ್ಲಾಸ್ ಇರ್ಲಿಲ್ಲ, ಹೋದ್ವಿ ಅಂದ್ರು. ಅವರ ಕ್ಲಾಸಲ್ಲೇ ಹಾಸ್ಟೆಲ್ಲಿಂದ ಬರ್ತಿದ್ದ ಇಬ್ಬರು ಹುಡುಗರು ಆಮೇಲೆ ಹದಿನೈದು ದಿನ ಕಾಲೇಜಿಗೆ ಬರಲಿಲ್ಲವಂತೆ. ಬಂದ ಮೇಲೂ ಹಿಂದಿನ ಬೆಂಚಿಗೆ ಹೋಗಿ ಕೂತರಂತೆ. "ನಾನು ಯಾರಿಗೂ ಹೊಡೀಲಿಲ್ಲ. ಆದ್ರೆ ಅವರಿಬ್ಬರ ಹತ್ರ ಮಾತಾಡೋಕೂ ಹೋಗ್ಲಿಲ್ಲ" ಅಂದ್ರು. ಇದನ್ನ ಬರೀಬಹುದಾ ಅಂತ ಕೇಳಿಯೇ ಬರೀತಿದೀನಿ. "ಬರಿ, ಹೆಸರು ಬೇಡ" ಅಂದ್ರು.

4/9

ಇಡೀ ನಾಡು ಒಂದು ಕಡೆ ನಿಂತಾಗ ಬಸವಲಿಂಗಪ್ಪನವರ ಪರ ನಿಂತ ದೊಡ್ಡ ಸಾಹಿತಿ ಯಾರು ಗೊತ್ತಾ? ಕುವೆಂಪು. ಬೂಸಾ ಅಂತ ಅನ್ನಿಸಿಕೊಂಡ ಸಾಹಿತ್ಯದ ಅತಿ ದೊಡ್ಡ ಹೆಸರೇ ಆ ಮಾತಿನಲ್ಲಿ ಸತ್ಯ ಇದೆ ಅಂದಾಗ, ಅವಮಾನ ಆಯ್ತು ಅಂತ ಕೂಗ್ತಿದ್ದವರಿಗೆ ಹೇಗಾಗಿರಬೇಕು ಊಹಿಸಿ.

ನನಗೆ ಇದು ಆಶ್ಚರ್ಯ ಅನ್ಸಿಲ್ಲ. ಕುವೆಂಪು 1928ರಲ್ಲೇ 'ಜಲಗಾರ' ಅಂತ ನಾಟಕ ಬರೆದಿದ್ರು. ಅದರಲ್ಲಿ ದೇವಸ್ಥಾನದೊಳಗೆ ಬಿಟ್ಟುಕೊಳ್ಳದ ಬೀದಿ ಗುಡಿಸುವವನ ಮುಂದೆ ಶಿವ ತಾನೂ ಜಲಗಾರನಾಗಿ ಬರ್ತಾನೆ. 1928ರಲ್ಲಿ ಪುಸ್ತಕದಲ್ಲಿ ಆಗಿದ್ದನ್ನ, ಬಸವಲಿಂಗಪ್ಪ 1970ರ ದಶಕದಲ್ಲಿ ಸರ್ಕಾರಿ ಆದೇಶ ಮಾಡೋಕೆ ಹೊರಟಿದ್ರು. ಇಬ್ಬರೂ ಒಂದೇ ಬೀದಿಯವರು.

"ಕನ್ನಡದಲ್ಲಿ 'ಚೋಮನ ದುಡಿ' ಇಲ್ವಾ, ಅದೂ ಬೂಸಾನಾ?" ಅಂತ ಕೇಳೋರು ಇದ್ದಾರೆ. ಸರಿಯಾದ ಪ್ರಶ್ನೆ. ಶಿವರಾಮ ಕಾರಂತರು 1933ರಲ್ಲಿ ಬರೆದ ಕಾದಂಬರಿ ಅದು. ಸ್ವಂತಕ್ಕೆ ಒಂದು ತುಂಡು ಭೂಮಿ ಉಳಬೇಕು ಅನ್ನೋ ಚೋಮನ ಆಸೆ ಕೊನೆಗೂ ತೀರಲ್ಲ. ಓದಿ ಅತ್ತಿದೀನಿ ನಾನು. ಆದ್ರೆ ಗಮನಿಸಿ, ಚೋಮನ ಬಗ್ಗೆ ಬರೆದವರು ಚೋಮನಲ್ಲ. ಚೋಮನ ಕೈಯಲ್ಲಿ ದುಡಿ ಇತ್ತು, ಪೆನ್ನು ಇರಲಿಲ್ಲ. ಬಸವಲಿಂಗಪ್ಪನವರ ಮಾತನ್ನ ನಾನು ಓದೋದು ಹೀಗೆ: ಈ ಭಂಡಾರದಲ್ಲಿ ನಮ್ಮ ಕೈಬರಹ ಎಲ್ಲಿದೆ?

ತಮಾಷೆ ಅಂದ್ರೆ ಉತ್ತರ ಅದೇ ವರ್ಷ ಅಚ್ಚಾಗಿತ್ತು. ದೇವನೂರ ಮಹಾದೇವರ ಮೊದಲ ಕಥಾಸಂಕಲನ 'ದ್ಯಾವನೂರು' ಬಂದಿದ್ದು 1973ರಲ್ಲಿ. ನಂಜನಗೂಡು ಸೀಮೆಯ ಕೇರಿಯ ಮಾತು, ಕೇರಿಯವರ ಬಾಯಲ್ಲಿ ಇರೋ ಹಾಗೇ. ಸಣ್ಣ ಪುಸ್ತಕ. ಮೆರವಣಿಗೆಗೆ ಹೋದ ಎಷ್ಟು ಜನ ಅದನ್ನ ಓದಿದ್ರೋ! ಚಿಕ್ಕ ತಾತ ಅಂತೂ ಓದಿರಲಿಲ್ಲ.

5/9

ಏಟು ತಿಂದವರು ಏನು ಮಾಡಿದ್ರು? ಮೊದಲು ಹೆಸರು ಬದಲಾಯಿಸಿದ್ರು. ಬೇರೆ ಯಾರದ್ದೋ ಹೆಸರಲ್ಲ, ತಮ್ಮದೇ.

ಅಲ್ಲಿವರೆಗೂ ಸರ್ಕಾರಿ ಕಾಗದದಲ್ಲಿ, ಪೇಪರಲ್ಲಿ, ಭಾಷಣದಲ್ಲಿ ಓಡ್ತಿದ್ದ ಪದ "ಹರಿಜನ". ಗಾಂಧೀಜಿ ಬಳಕೆಗೆ ತಂದಿದ್ದು. ಅಂಬೇಡ್ಕರ್‌ಗೆ ಆ ಪದ ಇಷ್ಟ ಇರಲಿಲ್ಲ. 1938ರಲ್ಲಿ ಬಾಂಬೆ ಶಾಸನಸಭೆಯಲ್ಲಿ ಆ ಪದವನ್ನ ಕಾನೂನಿಗೆ ಸೇರಿಸೋಕೆ ಹೊರಟಾಗ ಅವರೂ ಅವರ ಪಕ್ಷದವರೂ ಎದ್ದು ಹೊರಗೆ ನಡೆದಿದ್ರು. "ಹರಿಜನ" ಅನ್ನೋದರಲ್ಲಿ ಕರುಣೆ ಇದೆ. ಆದ್ರೆ ತುಳಿದವರು ಯಾರು ಅನ್ನೋ ಪ್ರಶ್ನೆ ಆ ಪದದೊಳಗೆ ಇಲ್ಲ. "ದಲಿತ" ಅಂದ ತಕ್ಷಣ, ತುಳಿಸಿಕೊಂಡವನು ಅಂದ ತಕ್ಷಣ, ಆ ಪ್ರಶ್ನೆ ತಾನೇ ಎದ್ದು ನಿಲ್ಲತ್ತೆ. ವ್ಯಾಕರಣದಲ್ಲೇ ರಾಜಕೀಯ. 1972ರಲ್ಲಿ ಬಾಂಬೆಯಲ್ಲಿ ನಾಮದೇವ ಢಸಾಳ್, ಜೆ.ವಿ. ಪವಾರ್ ಮೊದಲಾದವರು ಕಟ್ಟಿದ ದಲಿತ್ ಪ್ಯಾಂಥರ್ಸ್‌ನ ಗಾಳಿಯೂ ಇಲ್ಲಿಗೆ ಬೀಸ್ತಿತ್ತು. ಅವರಲ್ಲೂ ತುಂಬಾ ಜನ ಕವಿಗಳೇ.

ಭದ್ರಾವತಿಯಲ್ಲಿ ಕನ್ನಡ ಪಾಠ ಮಾಡ್ತಿದ್ದ ಪ್ರೊ. ಬಿ. ಕೃಷ್ಣಪ್ಪನವರ ಮುಂದಾಳತ್ವದಲ್ಲಿ, 1970ರ ದಶಕದ ನಡುವೆ ದಲಿತ ಸಂಘರ್ಷ ಸಮಿತಿ ಬೆಳೆಯಿತು. ಕನ್ನಡ ಮೇಷ್ಟ್ರು! ಕನ್ನಡ ವಿರೋಧಿಗಳು ಅಂತ ಯಾರನ್ನ ಅಂದಿದ್ರೋ ಅವರ ಸಂಘಟನೆ ಕಟ್ಟಿದ್ದು ಕನ್ನಡ ಪಾಠ ಮಾಡೋರು. ಇದಕ್ಕೆ ನಾನೇನೂ ಸೇರಿಸಬೇಕಿಲ್ಲ.

ಆ ಬಳಗದ ಪತ್ರಿಕೆಯ ಹೆಸರು 'ಪಂಚಮ'. ನಾಲ್ಕು ವರ್ಣದ ಲೆಕ್ಕಕ್ಕೇ ಸೇರದ ಐದನೆಯವರು. ನಿಮ್ಮ ಲೆಜರಲ್ಲಿ ಕಾಲಂ ಇಲ್ವಾ, ಸರಿ, ನಮ್ಮದೇ ಪುಸ್ತಕ ತೆಗೀತೀವಿ ಅಂದ ಹಾಗೆ. (ಬಿಕಾಂ ಬುದ್ಧಿ, ಕ್ಷಮಿಸಿ.) ಆಮೇಲೆ 1975ರಲ್ಲಿ ಸಿದ್ದಲಿಂಗಯ್ಯನವರ ಮೊದಲ ಕವನ ಸಂಕಲನ ಬಂತು: 'ಹೊಲೆ ಮಾದಿಗರ ಹಾಡು'. ಊರಲ್ಲಿ ಬೈಗುಳವಾಗಿ ಬಳಸ್ತಿದ್ದ ಎರಡು ಜಾತಿ ಹೆಸರುಗಳು ಪುಸ್ತಕದ ಮುಖಪುಟದ ಮೇಲೆ, ಪಕ್ಕದಲ್ಲೇ "ಹಾಡು". ಅಂಗಡಿಯಲ್ಲಿ ಆ ಪುಸ್ತಕ ಕೇಳಬೇಕು ಅಂದ್ರೆ ಆ ಹೆಸರನ್ನ ಮರ್ಯಾದೆಯಿಂದ ಬಾಯಿಬಿಟ್ಟು ಹೇಳಲೇಬೇಕು. ಶೀರ್ಷಿಕೆಯೇ ಅರ್ಧ ಹೋರಾಟ ಮಾಡಿಬಿಡತ್ತೆ.

6/9

ಸಿದ್ದಲಿಂಗಯ್ಯ ಹುಟ್ಟಿದ್ದು 1954ರಲ್ಲಿ, ಮಾಗಡಿ ಸೀಮೆಯಲ್ಲಿ. ಬೂಸಾ ಗಲಾಟೆ ಹೊತ್ತಿಗೆ ಬೆಂಗಳೂರಲ್ಲಿ ವಿದ್ಯಾರ್ಥಿ. ಚಿಕ್ಕ ತಾತನಿಗೂ ಅವರಿಗೂ ವಯಸ್ಸಲ್ಲಿ ವರ್ಷದ ವ್ಯತ್ಯಾಸ. ಒಬ್ಬರು ಮೆರವಣಿಗೆಯಲ್ಲಿ, ಇನ್ನೊಬ್ಬರು ಆ ಮೆರವಣಿಗೆಯ ಎದುರಿಗೆ.

ಅವರ ಆತ್ಮಕಥೆ 'ಊರುಕೇರಿ' ಓದದಿದ್ರೆ ದಯವಿಟ್ಟು ಓದಿ. ಹಸಿವಿನ ವಿಷಯವನ್ನೂ ನಗಿಸಿಕೊಂಡು ಹೇಳ್ತಾರೆ, ನಕ್ಕು ಮುಗಿದ ಮೇಲೆ ಗಂಟಲು ಕಟ್ಟತ್ತೆ.

ಆದ್ರೆ ಚಳವಳಿಗೆ ಕೆಲಸಕ್ಕೆ ಬಂದಿದ್ದು ಅವರ ಹಾಡುಗಳು. ಯೋಚಿಸಿ, ಆಗಿನ ಕೇರಿಗಳಲ್ಲಿ ಅಕ್ಷರ ಬಲ್ಲವರು ಎಷ್ಟು ಜನ? ಹತ್ತು ಪುಟದ ಲೇಖನ ಬರೆದ್ರೆ ಓದೋರು ಯಾರು? ಹಾಡಿಗೆ ಆ ಕಷ್ಟ ಇಲ್ಲ. ಒಬ್ಬ ಓದು ಬಂದವನು ಒಂದು ಸಲ ಹೇಳಿಕೊಟ್ರೆ ಸಾಕು. ಸಾಲು ಗಿಡ್ಡ, ಪಲ್ಲವಿ ಪದೇ ಪದೇ ಬರತ್ತೆ, ಕೊನೆಯಲ್ಲಿ ಪ್ರಾಸ ಸಿಗತ್ತೆ, ತಮಟೆಗೆ ಕೂರತ್ತೆ. ಎರಡನೇ ಸುತ್ತಿಗೆ ಇಡೀ ಗುಂಪು ಹಾಡ್ತಿರತ್ತೆ. ದೇಶಕ್ಕೆ ಬಂದ ಸ್ವಾತಂತ್ರ್ಯ ಬಡವರ ಮನೆಗೆ ಯಾಕೆ ಬರಲಿಲ್ಲ ಅಂತ ಕೇಳುವ ಅವರ ಹಾಡು ಇವತ್ತಿಗೂ ಕರ್ನಾಟಕದ ಯಾವ ಧರಣಿಗೆ ಹೋದರೂ ಕಿವಿಗೆ ಬೀಳತ್ತೆ. ಎಷ್ಟೋ ಹಾಡೋರಿಗೆ ಬರೆದವರ ಹೆಸರೇ ಗೊತ್ತಿರಲ್ಲ. ಕವಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಇದೆಯಾ ಅಂತ ನನಗೆ ಅನುಮಾನ.

ಇನ್ನೊಂದು ಸೂಕ್ಷ್ಮ ಇದೆ. ಭಾಷಣದಲ್ಲಿ ಒಬ್ಬ ಮಾತಾಡ್ತಾನೆ, ಉಳಿದವರು ಕೂತು ಕೇಳ್ತಾರೆ. ಹಾಡಲ್ಲಿ ಹಾಗಲ್ಲ, "ನಾವು" ಅನ್ನೋ ಪದ ಎಲ್ಲರ ಬಾಯಿಂದಲೂ ಒಟ್ಟಿಗೆ ಬರತ್ತೆ. ಜೀವನಪೂರ್ತಿ ತಲೆ ತಗ್ಗಿಸಿ "ಬುದ್ಧೀ" ಅಂತ ಮಾತ್ರ ಅಂದ ಬಾಯಿ, ಜನರ ನಡುವೆ ನಿಂತು ಗಟ್ಟಿಯಾಗಿ "ನಾವು" ಅನ್ನೋದು ಸಣ್ಣ ವಿಷಯ ಅಲ್ಲ.

ಕರಪತ್ರ, ಗೋಡೆಬರಹ ಕೂಡ ಹೀಗೇ ಕೆಲಸ ಮಾಡಿದ್ವು. ಹೆಂಡ ಬೇಡ, ಶಾಲೆ ಬೇಕು, ಭೂಮಿ ಬೇಕು ಅನ್ನೋ ಅರ್ಥದ ಘೋಷಣೆಗಳು. ಎರಡೇ ಪದ, ಒಂದು ಬೇಡ, ಒಂದು ಬೇಕು. ಸರ್ಕಾರ ಕೇರಿಗೆ ಯಾವುದನ್ನ ಬೇಗ ತಲುಪಿಸ್ತಿದೆ ಅಂತ ಅದರಲ್ಲೇ ಲೆಕ್ಕ ಸಿಕ್ಕಿಬಿಡತ್ತೆ.

7/9

1979. ಧರ್ಮಸ್ಥಳದಲ್ಲಿ 51ನೇ ಕನ್ನಡ ಸಾಹಿತ್ಯ ಸಮ್ಮೇಳನ, ಅಧ್ಯಕ್ಷರು ಗೋಪಾಲಕೃಷ್ಣ ಅಡಿಗರು. ಕಲಬುರಗಿ ಕಡೆಯ ಸಾಹಿತಿ ಚೆನ್ನಣ್ಣ ವಾಲೀಕಾರರು ದಲಿತ ಸಾಹಿತ್ಯಕ್ಕೆ ಒಂದು ಗೋಷ್ಠಿ ಇಡಿ ಅಂತ ಕೇಳಿದ್ರು. ಒಂದು ಗೋಷ್ಠಿ, ಅಷ್ಟೇ. ಸಾಹಿತ್ಯದಲ್ಲಿ ಹಾಗೆಲ್ಲ ದಲಿತ ಗಿಲಿತ ಅಂತ ವಿಂಗಡಣೆ ಇಲ್ಲ ಅನ್ನೋ ಧಾಟಿಯಲ್ಲಿ ಆ ಬೇಡಿಕೆ ಬಿದ್ದುಹೋಯ್ತು.

"ನಾವು ಜಾತಿ ನೋಡಲ್ಲ" ಅಂತ ನಮ್ಮ ಕಾಲೇಜಲ್ಲೂ ಹೇಳ್ತಾರೆ. ಈ ಮಾತು ಹೇಳೋರಿಗೆ ಅದನ್ನ ನೋಡೋ ಅಗತ್ಯ ಯಾವತ್ತೂ ಬಂದಿರಲ್ಲ, ಅಷ್ಟೇ ವ್ಯತ್ಯಾಸ.

ಒಂದು ಗೋಷ್ಠಿ ಕೊಟ್ಟಿದ್ರೆ ಬಹುಶಃ ಒಂದೂವರೆ ಗಂಟೆಯಲ್ಲಿ ಮುಗಿದು ಊಟಕ್ಕೆ ಏಳ್ತಿದ್ರು. ಕೊಡಲಿಲ್ಲ. ಹಾಗಾಗಿ 1979ರ ಮಾರ್ಚ್ 10 ಮತ್ತು 11ರಂದು ಬೆಂಗಳೂರಿನಲ್ಲಿ ಬೇರೆಯದೇ ಸಮ್ಮೇಳನ ಸೇರಿತು, ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು. ಬರಗೂರು ರಾಮಚಂದ್ರಪ್ಪ, ಡಿ.ಆರ್. ನಾಗರಾಜ್ ಮೊದಲಾದವರು ಮುಂದಿದ್ರು. ಸಂಘಟನೆಗೆ ನಾಗರಾಜ್ ಒಂದು ಸಾಲಿನ ಘೋಷವಾಕ್ಯ ಕೊಟ್ರು. ಕನ್ನಡ ಓದಿದ ಬಹಳ ಜನರಿಗೆ ಅದು ಬಾಯಿಪಾಠ. ಆ ಒಂದು ಸಾಲಿನಲ್ಲಿ ಆಯುಧವೂ ಇದೆ, ಗೆಳೆತನವೂ ಇದೆ. ಬರೀ ಆಯುಧ ಇದ್ದಿದ್ರೆ ಜನ ಇಷ್ಟು ದಿನ ನೆನಪಿಟ್ಕೋತಿರಲಿಲ್ಲ ಅಂತ ನನ್ನ ಅನಿಸಿಕೆ.

"ಬಂಡಾಯ" ಅನ್ನೋ ಪದವೂ ನೋಡಿ. ನರಗುಂದದ ಬಾಬಾಸಾಹೇಬ ಬ್ರಿಟಿಷರ ಮೇಲೆ ಎದ್ದಿದ್ದನ್ನ ನಾವು ನರಗುಂದ ಬಂಡಾಯ ಅಂತ ಓದಿದೀವಿ. 1980ರಲ್ಲಿ ಅದೇ ನರಗುಂದ, ನವಲಗುಂದದ ರೈತರು ನೀರಿನ ಕರದ ವಿರುದ್ಧ ಎದ್ದಾಗ ಅದೂ ಬಂಡಾಯವೇ ಆಯ್ತು. ಒಂದು ಪದ ಹೊಲದಲ್ಲೂ ಪುಸ್ತಕದಲ್ಲೂ ಒಟ್ಟಿಗೆ ಓಡಾಡ್ತಿದ್ದ ಕಾಲ ಅದು.

8/9

ಎಲ್ಲ ಚೆನ್ನಾಗಿತ್ತು ಅಂತ ಬರೆದ್ರೆ ಸುಳ್ಳಾಗತ್ತೆ.

ಮೊದಲನೇದು, "ಇದು ಕಾವ್ಯ ಅಲ್ಲ, ಘೋಷಣೆ" ಅನ್ನೋ ಟೀಕೆ. ಅರ್ಧ ನಿಜ. ಆ ಕಾಲದ ಬಂಡಾಯ ಪದ್ಯಗಳಲ್ಲಿ ಎಷ್ಟೋ ಇವತ್ತು ಓದೋಕೆ ಆಗಲ್ಲ. ಕೆಂಡ, ಕ್ರಾಂತಿ, ರಕ್ತ, ಮತ್ತೆ ಕೆಂಡ. ಆದ್ರೆ ಮೆರವಣಿಗೆಯ ಹಾಡನ್ನ ಲೈಬ್ರರಿಯ ಕುರ್ಚಿಯಲ್ಲಿ ಕೂತು ತೂಗೋದು ನ್ಯಾಯವಾ? ಟ್ರ್ಯಾಕ್ಟರ್‌ಗೆ ಕಾರಿನ ಮೈಲೇಜ್ ಕೇಳಿದ ಹಾಗೆ. ಸ್ವತಃ ಸಿದ್ದಲಿಂಗಯ್ಯನವರೇ 1979ರ 'ಸಾವಿರಾರು ನದಿಗಳು' ಹೊತ್ತಿಗೆ ದನಿ ಬದಲಿಸ್ತಾ ಬಂದ್ರು.

ಎರಡನೇದು, ಹೆಣ್ಣುಮಕ್ಕಳು. ಈ ಸರಣಿಯಲ್ಲಿ ಇಲ್ಲಿವರೆಗೆ ನಾನು ಬರೆದ ಹೆಸರು ಎಣಿಸಿ. ಎಲ್ಲ ಗಂಡಸರೇ. ಗೀತಾ ನಾಗಭೂಷಣ ಇದ್ರು, ಬಿ.ಟಿ. ಲಲಿತಾ ನಾಯಕ್ ಇದ್ರು, ಕಥೆ ಕಾದಂಬರಿ ಬರೆದ್ರು. ಆದ್ರೂ ಈ ಇತಿಹಾಸ ಹೇಳುವಾಗ ನನ್ನ ಬಾಯಿಗೆ ಮೊದಲು ಅವರ ಹೆಸರು ಬರಲಿಲ್ಲ. ತಪ್ಪು ನನ್ನದೂ ಹೌದು, ನಾನು ಓದಿದ ಪುಸ್ತಕಗಳದ್ದೂ ಹೌದು. ಗೀತಾ ನಾಗಭೂಷಣರ ಮೇಲೆ ಬೇರೆ ಸರಣಿ ಮಾಡ್ತೀನಿ, ಇಲ್ಲಿ ಎರಡು ಸಾಲಲ್ಲಿ ಮುಗಿಸೋಕೆ ಮನಸ್ಸಿಲ್ಲ.

ಮೂರನೇದು ನನಗೇ ಇನ್ನೂ ಬಗೆಹರಿದಿಲ್ಲ. ಬಸವಲಿಂಗಪ್ಪ ಇಂಗ್ಲಿಷ್ ಕಲೀರಿ ಅಂದ್ರು. ದೇವನೂರ ಮಹಾದೇವರು ಕನ್ನಡ ಶಿಕ್ಷಣ ಮಾಧ್ಯಮ ಆಗೋವರೆಗೂ ಬೇಡ ಅಂತ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಯನ್ನೇ ಒಪ್ಪಲಿಲ್ಲ. ಒಂದೇ ನೋವಿನಿಂದ ಹೊರಟ ಇಬ್ಬರು, ಎರಡು ದಾರಿ. ನಾನು ಹತ್ತನೇ ಕ್ಲಾಸ್ ತನಕ ಕನ್ನಡ ಮೀಡಿಯಂ. ಬಿಕಾಂ ಮೊದಲ ಸೆಮಿಸ್ಟರಲ್ಲಿ ಕಾಸ್ಟ್ ಅಕೌಂಟಿಂಗ್ ಪುಸ್ತಕ ತೆರೆದು ಒಂದು ಪ್ಯಾರಾಗೆ ಅರ್ಧ ಗಂಟೆ ಡಿಕ್ಷನರಿ ಹುಡುಕಿದ ರಾತ್ರಿ ಬಸವಲಿಂಗಪ್ಪ ಸರಿ ಅನ್ಸಿದ್ರು. 'ಒಡಲಾಳ'ದ ಸಾಕವ್ವನ ಮಾತು ಓದಿದ ರಾತ್ರಿ ದೇವನೂರು ಸರಿ ಅನ್ಸಿದ್ರು. ಇವತ್ತು ಕೇಳಿದ್ರೆ ಇಂತ ರಾತ್ರಿ ಎರಡೂ ಇನ್ನೂ ಬರ್ತಿವೆ.

9/9

2015, ಶ್ರವಣಬೆಳಗೊಳ. 81ನೇ ಕನ್ನಡ ಸಾಹಿತ್ಯ ಸಮ್ಮೇಳನ. ಅಧ್ಯಕ್ಷರು ಸಿದ್ದಲಿಂಗಯ್ಯ. 1979ರಲ್ಲಿ ಒಂದು ಗೋಷ್ಠಿಗೆ ಜಾಗ ಇಲ್ಲ ಅಂದಿದ್ದ ಅದೇ ಪರಿಷತ್ತಿನ ವೇದಿಕೆ. ವ್ಯವಸ್ಥೆ ಅವರನ್ನ ನುಂಗಿತು ಅಂತ ಬೇಜಾರು ಮಾಡ್ಕೊಂಡವರಿದ್ದಾರೆ, ಅವರು ವೇದಿಕೆಯನ್ನೇ ಗೆದ್ದರು ಅಂತ ಖುಷಿಪಟ್ಟವರಿದ್ದಾರೆ. ನಾನು ಎರಡನೇ ಗುಂಪಿಗೆ ಸ್ವಲ್ಪ ಹತ್ತಿರ.

2021ರ ಜೂನ್ 11ರಂದು ಕೋವಿಡ್‌ನಿಂದ ಅವರು ತೀರಿಕೊಂಡ್ರು. ಅವತ್ತು ಟಿವಿ ನೋಡ್ತಿದ್ದ ಚಿಕ್ಕ ತಾತ ಎದ್ದು ಹಿತ್ತಿಲಿಗೆ ಹೋಗಿ ಹಸುವಿನ ಹತ್ತಿರ ನಿಂತಿದ್ರು ಅಂತ ಅಜ್ಜಿ ಹೇಳ್ತಾರೆ. ನಮಗೆ ಯಾರಿಗೂ ಆಗ ಕಾರಣ ಗೊತ್ತಿರಲಿಲ್ಲ.

ಕಳೆದ ತಿಂಗಳು ಕಾಲೇಜ್ ಲೈಬ್ರರಿಯಿಂದ 'ದ್ಯಾವನೂರು' ತಂದು ಮೇಜಿನ ಮೇಲೆ ಇಟ್ಟಿದ್ದೆ. ಸಂಜೆ ನೋಡಿದ್ರೆ ಇಲ್ಲ. ಚಿಕ್ಕ ತಾತ ಜಗಲಿ ಮೇಲೆ ಕನ್ನಡಕ ಹಾಕ್ಕೊಂಡು ಓದ್ತಾ ಕೂತಿದ್ರು. "ಇದು ನಮ್ಮ ಕಡೆ ಮಾತೇ ಕಣವ್ವ" ಅಂದ್ರು. ರಿನ್ಯೂ ಮಾಡಿಸೋದು ಮರೆತು ಎಂಟು ದಿನದ ಫೈನ್ ಕಟ್ಟಿದೀನಿ, ಇನ್ನೂ ಪುಸ್ತಕ ವಾಪಸ್ ಬಂದಿಲ್ಲ.

ಕೊನೆಗೆ ಒಂದು ಸಹಾಯ ಬೇಕು. ನಿಮ್ಮ ಮನೆಯ ಅಟ್ಟದಲ್ಲೋ, ಟ್ರಂಕಲ್ಲೋ 'ಪಂಚಮ'ದ ಹಳೇ ಸಂಚಿಕೆ, ಆ ಕಾಲದ ಕರಪತ್ರ, ಕೈಯಲ್ಲಿ ಬರೆದುಕೊಂಡ ಹಾಡಿನ ನೋಟ್‌ಬುಕ್ ಏನಾದ್ರೂ ಇದ್ರೆ ಫೋಟೋ ತೆಗೆದು ಡಿಎಂ ಮಾಡಿ. ಹಾಡಿನ ನೋಟ್‌ಬುಕ್ ಆದ್ರೆ ಇನ್ನೂ ಒಳ್ಳೇದು. ಹಳೇ ಕಾಗದ, ಫ್ಲ್ಯಾಶ್ ಹಾಕಬೇಡಿ, ಕಿಟಕಿ ಬೆಳಕಲ್ಲಿ ತೆಗೀರಿ.

#ಬೂಸಾ #ದಲಿತಬಂಡಾಯ #ಕನ್ನಡಇತಿಹಾಸ #ಓದಿದ್ದುಬರೆದಿದ್ದು